ನಮ್ಮ ಕಡೆಯ ಖಾಲಿ ಗುರಾಣಿ

ಐವತ್ತೇಳು ವರ್ಷ ನಾನು ಲಾಂಛನವಿಲ್ಲದೆ ಬದುಕಿದ್ದೇನೆ. ಇದೊಂದು ಕೊರತೆ ಎಂದು ಗೊತ್ತಾದದ್ದು ಮಾತ್ರ ಈಚೆಗೆ. ಮನೆಯಲ್ಲಿ ಆಧಾರ್ ಕಾರ್ಡಿದೆ, ರೇಷನ್ ಕಾರ್ಡಿದೆ, ಅಪಾರ್ಟ್‌ಮೆಂಟಿನವರು ಕೊಟ್ಟ ಪಾರ್ಕಿಂಗ್ ಸ್ಟಿಕ್ಕರ್ ಕೂಡ ಇದೆ. ಆ ಜಾಗದಲ್ಲಿ ಯಾವಾಗಲೂ ಬೇರೆಯವರ ಗಾಡಿ ನಿಂತಿರುತ್ತದೆ ಅನ್ನುವುದು ಬೇರೆ ಮಾತು. ಆದರೆ ಇದು ನಮ್ಮ ವಂಶದ ಗುರುತು ಎಂದು ಎದೆ ತಟ್ಟಿ ತೋರಿಸುವಂಥ ಒಂದು ಸಿಂಹವಾಗಲಿ, ಹದ್ದಾಗಲಿ, ಹೋಗಲಿ ಒಂದು ಕೋಳಿಯಾಗಲಿ ನಮ್ಮಲ್ಲಿಲ್ಲ.

ನಾನು ಕೆ.ಆರ್. ಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಅಲ್ಲಿ ಒಂದೊಂದು ನಟ್ಟಿಗೂ ವಾಷರಿಗೂ ನಂಬರಿದೆ, ಚೀಟಿಯಿದೆ. ಚೀಟಿಯಿಲ್ಲದ ವಸ್ತುವನ್ನು ಬಾಗಿಲ ಒಳಗೇ ಬಿಡುವುದಿಲ್ಲ ಎಂದು ನನ್ನ ಮೇಲೊಂದು ದೂರೂ ಇದೆ. ಇಂಥವನಿಗೇ ಚೀಟಿಯಿಲ್ಲ ಎಂಬ ಸಂಗತಿ ಮಗಳ ಮದುವೆಯ ಹೊತ್ತಿಗೆ ಸರಿಯಾಗಿ ಬಯಲಾಗಬೇಕೇ?

ನನ್ನ ಮಗಳು ಸಹನಾ ಮೆಚ್ಚಿದ ಹುಡುಗ ಕಾರ್ತಿಕ್ ಹಲಸೂರಿನವನು. ಅವರದು ಕಂಟೋನ್ಮೆಂಟಿನ ಹಳೆಯ ಮನೆತನ. ಮನೆಯೊಳಗೆ ತಮಿಳು, ಬೀದಿಗೆ ಬಂದರೆ ಕನ್ನಡ, ಕೋಪ ಬಂದರೆ ಇಂಗ್ಲಿಷು. ಕೆರೆಯ ಹತ್ತಿರದ ಅವರ ಮನೆಯ ಹೆಬ್ಬಾಗಿಲ ಮೇಲೆ ಗಾರೆಯಲ್ಲಿ ಮಾಡಿದ ಲಾಂಛನವೊಂದಿದೆ. ನಡುವೆ ಗುರಾಣಿ, ಎರಡು ಕಡೆ ಹಿಂಗಾಲ ಮೇಲೆ ಎದ್ದು ನಿಂತ ಸಿಂಹಗಳು, ಮೇಲೊಂದು ಕಿರೀಟ. ಮೊದಲ ಸಲ ಹೋದ ದಿನ ಅದರ ಕೆಳಗೆ ಚಪ್ಪಲಿ ಬಿಡಬಹುದೋ ಬಿಡಬಾರದೋ ತಿಳಿಯದೆ ನಾನು ಒಂದು ನಿಮಿಷ ಹಾಗೇ ನಿಂತುಬಿಟ್ಟಿದ್ದೆ.

ಧಾರೆಗೆ ಮುಂಚೆ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡದ ಹಾಗೆ ನಡುವೆ ಬಟ್ಟೆ ಹಿಡಿಯುತ್ತಾರಲ್ಲ, ಆ ಅಂತರಪಟದ ಮೇಲೆ ಎರಡೂ ಮನೆಗಳ ಲಾಂಛನವನ್ನು ಜರಿಯಲ್ಲಿ ಹೊಲಿಸಬೇಕು ಎಂದು ಹುಡುಗ ಹುಡುಗಿ ಸೇರಿ ತೀರ್ಮಾನಿಸಿದರು. ಗಂಡಿನ ಕಡೆಯದು ಸಿದ್ಧವಾಗಿತ್ತು. ಹೆಣ್ಣಿನ ಕಡೆಗೆ ಒಂದು ಗುರಾಣಿಯ ಗೆರೆ ಮಾತ್ರ ಎಳೆದು ಒಳಗೆ ಖಾಲಿ ಬಿಟ್ಟಿದ್ದರು. ಸಹನಾ ಆ ಕಾಗದ ನನ್ನ ಮುಂದಿಟ್ಟು, "ಅಪ್ಪಾ, ಇದರೊಳಗೆ ನಮ್ಮದೇನಾದ್ರೂ ಹಾಕ್ಬೇಕು. ನೆಟ್ಟಿಂದ ಎತ್ತಿದ ಡಿಸೈನ್ ಬೇಡ, ನಿಜವಾಗ್ಲೂ ನಮ್ಮದಾಗಿರ್ಬೇಕು. ಹತ್ತು ದಿನದೊಳಗೆ ಹೇಳ್ಬಿಡು," ಎಂದಳು.

ಅಡುಗೆಮನೆಯಿಂದ ನನ್ನ ಹೆಂಡತಿ ಮಂಗಳಾ, "ನಿಮ್ಮಪ್ಪನ ಮನೇದು ಅಂತ ಏನಿದೆ ಹಾಕೋಕೆ? ಶಾಸ್ತ್ರ ತಪ್ಪಿಸೋದೊಂದು ಬಿಟ್ಟು?" ಎಂದಳು.

ಈ ಮಾತಿಗೆ ಇಪ್ಪತ್ತೆಂಟು ವರ್ಷದ ಚರಿತ್ರೆಯಿದೆ, ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಮಂಗಳಾ ತಿಪಟೂರಿನ ಕಡೆಯವಳು, ನಾನು ರಾಯಚೂರು ಜಿಲ್ಲೆಯವನು. ಅವಳ ಕಡೆ ಅಂತರಪಟ ಸರಿಯುತ್ತಿದ್ದಂತೆ ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕಬೇಕು. ಅದಾಗದೆ ಮದುವೆಯಾದ ಹಾಗೇ ಅಲ್ಲ. ನಮ್ಮ ಮದುವೆಯಲ್ಲಿ ಇಬ್ಬರೂ ವೀಳ್ಯದೆಲೆಯಲ್ಲಿ ಜೀರಿಗೆ ಬೆಲ್ಲ ಹಿಡಿದು ನಿಂತಿದ್ದೆವು. ಇನ್ನೇನು ಬಟ್ಟೆ ಇಳಿಯಬೇಕು, ನಮ್ಮವ್ವ ಎಲ್ಲಿಂದಲೋ ಬಂದು ಮಂಟಪ ಹತ್ತಿ, ಇಬ್ಬರ ಕೈಯಿಂದಲೂ ಎಲೆ ಕಿತ್ತುಕೊಂಡು ಅಕ್ಕಿ ಬೆಲ್ಲ ತುರುಕಿ ಇಳಿದುಹೋದಳು. ಆ ಕ್ಷಣದ ಫೋಟೋ ಆಲ್ಬಮ್ಮಿನಲ್ಲಿದೆ: ಅವ್ವನ ಬಳೆ ತೊಟ್ಟ ಒಂದು ಕೈ, ಮಂಗಳಾಳ ಬಿಟ್ಟ ಬಾಯಿ, ಹಿನ್ನೆಲೆಯಲ್ಲಿ ಏನಾಯಿತೆಂದು ತಿಳಿಯದ ನಾನು. ಹೊಸ ಸೊಸೆಯ ಕೈಯಿಂದ ಮೊದಲನೇ ದಿನವೇ ಕಿತ್ತುಕೊಂಡರು ಎನ್ನುವುದು ಮಂಗಳಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ನನ್ನ ಮಗಳ ಮದುವೇಲಾದ್ರೂ ಜೀರಿಗೆ ಬೆಲ್ಲ ಹಾಕಿಸಿಯೇ ತೀರುತ್ತೇನೆ ಎಂದು ಸಹನಾ ತೊಟ್ಟಿಲಲ್ಲಿದ್ದಾಗಲೇ ಅವಳು ಶಪಥ ಮಾಡಿದ್ದಳು.

ಮುಳ್ಳು ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ನಾವು ಸಂಸಾರ ಹೂಡಿದಾಗ ಅಕ್ಕಪಕ್ಕದ ನಾಲ್ಕು ಮನೆಯವರೂ ಮಂಗಳಾಳ ಸಾರಿಗೆ ಬಟ್ಟಲು ಹಿಡಿದು ಬರುತ್ತಿದ್ದರು. ಅಂಥ ಸಾರನ್ನು ನಮ್ಮವ್ವ ಒಂದು ದಿನವೂ ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಬಂದು ತಿಂಗಳು ಇರುತ್ತಿದ್ದಳು, ತಿಂಗಳೂ ಮೊಸರನ್ನ. ಕೇಳಿದರೆ "ನನಗ ಖಾರ ಒಗ್ಗಂಗಿಲ್ಲವಾ" ಎನ್ನುವಳು. ಹಾಗೆ ಹೇಳಿದ ಬಾಯಿಂದಲೇ ಊರಿಂದ ತಂದ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ರೊಟ್ಟಿಗೆ ಬಳಿದುಕೊಂಡು ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ತಿನ್ನುವಳು. ಮಂಗಳಾ ಅತ್ತೆಯ ಎದುರು ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನೆಲ್ಲ ನನ್ನ ಎದುರು ಅಂದಳು. ಅವ್ವ ತೀರಿಕೊಂಡು ಆರು ವರ್ಷವಾದರೂ ಆ ಅನ್ನುವುದು ನಿಂತಿರಲಿಲ್ಲ. ನಾನು ಆ ಕಡೆಯೂ ತಲೆಯಾಡಿಸಿ ಈ ಕಡೆಯೂ ತಲೆಯಾಡಿಸಿ ಕಾಲ ತಳ್ಳಿದವನು. ಲಾಂಛನವೇ ಬೇಕೆಂದರೆ ನನಗೆ ಗಂಡಭೇರುಂಡ ಒಪ್ಪುತ್ತಿತ್ತು, ತಲೆ ಎರಡಾದರೂ ಹೊಟ್ಟೆ ಒಂದೇ ಇರುವ ಹಕ್ಕಿ. ಆದರೆ ಅದು ಸರ್ಕಾರದ ಸ್ವತ್ತು.

ನಮ್ಮ ರಾಜರಿಗೆ ಈ ಫಜೀತಿ ಇರಲಿಲ್ಲ. ಗಂಗರು ಆನೆ ಇಟ್ಟುಕೊಂಡರು, ಚಾಲುಕ್ಯರು ವರಾಹ ಇಟ್ಟುಕೊಂಡರು, ಹೊಯ್ಸಳರು ಹುಲಿಯೋ ಸಿಂಹವೋ ಇನ್ನೂ ತೀರ್ಮಾನವಾಗದ ಒಂದು ಪ್ರಾಣಿಯನ್ನು ಇರಿಯುತ್ತ ನಿಂತರು. ಯಾರೂ ಅವರನ್ನು ಹತ್ತು ದಿನದೊಳಗೆ ಹೇಳಿಬಿಡಿ ಎನ್ನಲಿಲ್ಲ. ಇನ್ನು ಕಂಟೋನ್ಮೆಂಟಿನ ಕಡೆ ಓಡಾಡುವವರಿಗೆ ಲಾಂಛನಗಳಿಗೇನು ಬರ? ಹಳೆಯ ಚರ್ಚಿನ ಗೋಡೆಯ ಮೇಲೆ, ಪಲ್ಟನ್ನಿನ ಗೇಟಿನ ಮೇಲೆ, ಇಂಗ್ಲಿಷ್ ಸ್ಕೂಲಿನ ಮಕ್ಕಳ ಎದೆಯ ಮೇಲೆ, ಎಲ್ಲೆಲ್ಲೂ ಗುರಾಣಿ. ಗುರಾಣಿಯ ಕೆಳಗೊಂದು ರಿಬ್ಬನ್ನು, ರಿಬ್ಬನ್ನಿನ ಮೇಲೆ ಲ್ಯಾಟಿನ್ನಿನಲ್ಲಿ ಯಾರಿಗೂ ತಿಳಿಯದ ಒಂದು ಮಾತು. ಇಂದಿರಾನಗರದಲ್ಲಂತೂ ನಾಯಿಗೆ ಕ್ಷೌರ ಮಾಡುವ ಅಂಗಡಿಗೂ ಕಿರೀಟವಿಟ್ಟ ಗುರಾಣಿ ಇದೆ. ಇಷ್ಟು ವರ್ಷ ಅವುಗಳ ಕೆಳಗೇ ಓಡಾಡಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆ ಬರೀ ಗುರಾಣಿಗಳೇ ಕಾಣತೊಡಗಿದವು, ಎಲ್ಲವೂ ತುಂಬಿದವು.

ರಾತ್ರಿ ಊಟವಾದ ಮೇಲೆ ಕಾಗದ ಪೆನ್ಸಿಲು ಹಿಡಿದು ಕೂತೆ. ಸಿಂಹ ಬರೆಯೋಣವೆಂದರೆ ಮೂರನೇ ಕ್ರಾಸಿನ ನಾಯಿಗಳಿಗೆ ಹೆದರಿ ಸುತ್ತು ಹಾಕಿ ಮನೆಗೆ ಬರುವವನು ನಾನು. ಪುಸ್ತಕ ಬರೆಯೋಣವೆಂದರೆ ಓದುವುದು ಪೇಪರು, ಅದೂ ಪಕ್ಕದ ಮನೆಯದು. ನಮ್ಮ ಸೀಮೆಯ ನೆನಪಿಗೆ ತೊಗರಿ ಗಿಡ ಬರೆದೆ; ಸಹನಾ ನೋಡಿ "ಕರಿಬೇವಾ ಅಪ್ಪಾ?" ಎಂದಳು. ಬೈಯಪ್ಪನಹಳ್ಳಿಯಲ್ಲಿ ಸಂಸಾರ ಹೂಡಿದ್ದಕ್ಕೆ ಮೆಟ್ರೋ ರೈಲು ಬರೆದೆ; ಅದು ರೈಲಿಗಿಂತ ಹೆಚ್ಚಾಗಿ ಸೋಪಿನ ಡಬ್ಬಿಯನ್ನು ಹೋಲುತ್ತಿತ್ತು. ನನ್ನ ಬದುಕಿನ ಸಾರವನ್ನೆಲ್ಲ ಹಿಂಡಿದರೆ ಅಂಗೈಯಗಲದ ಗುರಾಣಿ ತುಂಬುವಷ್ಟು ಕೂಡ ಏನೂ ಸಿಗುತ್ತಿಲ್ಲವಲ್ಲ ಎಂದು ನಿಜವಾಗಿಯೂ ಬೇಸರವಾಯಿತು. ಮಗಳು ಎಲ್ಲರೆದುರು ಆ ಬಟ್ಟೆಯ ಹಿಂದೆ ನಿಲ್ಲುತ್ತಾಳೆ. ಆಚೆ ಕಡೆ ಎರಡು ಸಿಂಹ, ಈಚೆ ಕಡೆ ಶೂನ್ಯ.

ಹೊಲಿಯುವವರ ಹತ್ತಿರವೇ ಸಲಹೆ ಕೇಳೋಣ ಎಂದು ಒಂದು ಶನಿವಾರ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಕುರಿ ಮಾಂಸದ ಅಂಗಡಿಗೂ ಪರದೆ ಬಟ್ಟೆಯ ಅಂಗಡಿಗೂ ನಡುವಿನ ಮೆಟ್ಟಿಲು ಹತ್ತಿದರೆ ಗೌಸ್ ಭಾಯಿಯ ಕೋಣೆ. ಮಂಚದಷ್ಟು ದೊಡ್ಡ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಅದರ ಮುಂದೆ ನೆಲದಲ್ಲಿ ಕೂತು ಸೂಜಿ ಆಡಿಸುವ ಅರುವತ್ತರ ಮನುಷ್ಯ. ಸ್ಕೂಲಿನ ಬ್ಲೇಜರಿನ ಬ್ಯಾಡ್ಜು, ಬ್ಯಾಂಡಿನವರ ಭುಜಪಟ್ಟಿ, ಎಲ್ಲ ಅವರ ಕೈಯದೇ. ಲಾಂಛನಗಳನ್ನು ನನಗಿಂತ ಹತ್ತಿರದಿಂದ ಕಂಡವರು.

"ಬನ್ನಿ ಸಾರ್, ಕೂತ್ಕೊಳಿ. ಗಂಡಿನ ಕಡೇದು ಆಗೋಯ್ತು. ನಿಮ್ಮ ಸೈಡ್‌ದು ಏನ್ ಬರುತ್ತೆ?" ಎಂದರು.

ಅದೇ ಗೊತ್ತಾಗುತ್ತಿಲ್ಲ ಎಂದೆ. ಅವರು ನನಗೆ ಚಹಾ ತರಿಸಿ, ಒಂದು ತಟ್ಟೆ ಜೀರಾ ಬಿಸ್ಕತ್ತು ಮುಂದಿಟ್ಟು, ಸಮಾಧಾನ ಹೇಳಿದರು. "ಟೆನ್ಷನ್ ಬೇಡಿ ಸಾರ್. ನಲವತ್ತು ವರ್ಷದಿಂದ ಹೊಲಿತಿದೀನಿ, ಎಲ್ಲಾರ್ದೂ ಇದೇ. ಓದ್ದೇ ಇರೋರು ಪುಸ್ತಕ ಕೇಳ್ತಾರೆ, ಹೆದರೋರು ಸಿಂಹ ಕೇಳ್ತಾರೆ. ಆದ್ರೆ ಖಾಲಿ ಮಾತ್ರ ಯಾರೂ ಕೇಳ್ಲಿಲ್ಲ. ಏನೋ ಒಂದು ಹೇಳಿ, ಚಿನ್ನದ ತರ ಮಾಡ್ಕೊಡ್ತೀನಿ." ನಾನು ಬಿಸ್ಕತ್ತು ತಿಂದೆ. ನಾಲ್ಕು ತಿಂದೆ. ಇದನ್ನು ನೆನಪಿಟ್ಟುಕೊಳ್ಳಿ.

ಮರುದಿನ ಭಾನುವಾರ ಬೀಗರು ಸುಂದರಮೂರ್ತಿಗಳು ಛತ್ರದ ವಿಷಯ ಮಾತಾಡಲು ಸಿ.ವಿ. ರಾಮನ್ ನಗರದ ನಮ್ಮ ಮನೆಗೆ ಬಂದರು. ಬೀಗರ ಮುಂದೆ ಬಡತನ ತೋಡಿಕೊಳ್ಳಬಾರದು ಎನ್ನುತ್ತಾರೆ, ಆದರೂ ನಾನು ಲಾಂಛನದ ಬಡತನ ತೋಡಿಕೊಂಡೆ. ಅವರು ಸೋಫಾದಲ್ಲಿ ಹಿಂದಕ್ಕೆ ಒರಗಿ ಗಟ್ಟಿಯಾಗಿ ನಕ್ಕರು.

"ಅಯ್ಯೋ, ನೀವೊಬ್ರು! ನಮ್ಮ ಮುತ್ತಾತ ಪಲ್ಟನ್ ಕುದುರೆಗಳಿಗೆ ಹುಲ್ಲು ಸಪ್ಲೈ ಮಾಡ್ತಿದ್ರು. ಮನೆ ಕಟ್ಟೋವಾಗ ಯಾರೋ ದೊರೆ ಕೊಟ್ಟ ಬಿಸ್ಕತ್ ಡಬ್ಬಿ ಮನೇಲಿತ್ತಂತೆ. ಅದರ ಮುಚ್ಚಳದ ಮೇಲಿದ್ದ ಚಿತ್ರ ಮೇಸ್ತ್ರಿಗೆ ತೋರಿಸಿ ಇದನ್ನೇ ಮಾಡು ಅಂದ್ರಂತೆ. ಮೇಸ್ತ್ರಿ ಸಿಂಹ ನೋಡಿರ್ಲಿಲ್ಲ, ನಮ್ಮ ಬೀದಿ ನಾಯಿ ನೋಡಿದ್ದ. ಇನ್ನೊಂದ್ಸಲ ಬಂದಾಗ ಬಾಲ ನೋಡಿ ರೀ, ಸುರುಳಿ ಸುತ್ತಿದೆ." ಆಮೇಲೆ ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, "ನಿಮ್ಮ ಕಡೆ ಬೆಡಗು ಅಂತೇನೋ ಇರುತ್ತಲ್ಲ, ಪ್ರಾಣಿ ಗಿಡದ ಹೆಸರು? ಊರಲ್ಲಿ ಹಿರಿಯರನ್ನ ಕೇಳಿ. ನಮ್ಮದಕ್ಕಿಂತ ಅಸಲಿ ಇರುತ್ತೆ," ಎಂದರು.

ಹೌದಲ್ಲ! ಬೆಡಗು ಎಂದರೆ ಕುಲದೊಳಗಿನ ಕವಲು. ಆನೆ, ಆಮೆ, ಇರುವೆ, ಉಪ್ಪು, ಅರಿಸಿನ, ಹೀಗೆ ಒಂದೊಂದು ಕವಲಿಗೆ ಒಂದೊಂದು ಹೆಸರು. ಒಂದೇ ಬೆಡಗಿನವರು ಅಣ್ಣತಂಗಿಯ ಸಮಾನ, ಮದುವೆಯಾಗುವಂತಿಲ್ಲ. ನನ್ನ ಮದುವೆಯ ಮಾತುಕತೆಯಲ್ಲಿ ಇದೆಲ್ಲ ಖಂಡಿತ ಬಂದಿರುತ್ತದೆ, ಆದರೆ ಹಿರಿಯರು ಬೆಡಗು ಕೇಳುತ್ತಿದ್ದಾಗ ನಾನು ಹುಡುಗಿಯನ್ನು ನೋಡುತ್ತಿದ್ದೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋದ. ನಾನು ಹನ್ನೆರಡಕ್ಕೆ ಹಾಸ್ಟೆಲ್ ಸೇರಿದೆ. ಬೆಡಗು, ಮನೆದೇವರು, ಹರಕೆ ಎಲ್ಲ ಅವ್ವನ ಇಲಾಖೆ. ಈಗ ಉಳಿದವಳು ಅಪ್ಪನ ತಂಗಿ ನೀಲಮ್ಮತ್ತಿ ಒಬ್ಬಳೇ. ಲಿಂಗಸುಗೂರಿನ ಹತ್ತಿರದ ಹಳ್ಳಿಯಲ್ಲಿದ್ದಾಳೆ, ಎಂಬತ್ತರ ಮುದುಕಿ. ಫೋನು ಹಚ್ಚಿದೆ.

"ಏನಪಾ, ಮಗಳ ಲಗ್ನಕ್ಕ ಬಂದಿ, ಈಗ ಬೆಡಗು ಕೇಳ್ತಿಯಲ್ಲೋ! ಜೀರಿಗಿ ಬೆಡಗು ನಿಂದು. ಜೀರಿಗೇರು ನೀವು," ಎಂದಳು.

"ಜೀರಿಗಿನಾ? ಸಾರಿಗೆ ಹಾಕೋ ಜೀರಿಗಿನಾ ಅತ್ತಿ?"

"ಜೀರಿಗೇರು ಸಾರಿಗೆ ಜೀರಿಗಿ ಹಾಕಂಗಿಲ್ಲಪಾ. ಅದು ನಿಮಗ ದೇವ್ರಿದ್ದಂಗ. ತಿನ್ನಂಗಿಲ್ಲ, ಹುರಿಯಂಗಿಲ್ಲ, ಕಾಲಾಗ ತುಳಿಯಂಗಿಲ್ಲ. ನಾ ಲಗ್ನಾಗಿ ಗಂಡನ ಬೆಡಗಿಗಿ ಹೋದ ಮ್ಯಾಗ ತಿನ್ನಾಕತ್ತಿನಿ. ನೀ ಅದರಾಗ ಹುಟ್ಟಿದಾಂವ. ನೀ ಹೆಂಗ ತಿಂತಿ?"

ನಾನು ಹೇಗೆ ತಿಂತೀನಿ? ಎರಡು ಹೊತ್ತೂ ತಿಂತೀನಿ. ಹಾಸ್ಟೆಲಿನ ಹುಳಿಯಲ್ಲಿ ತಿಂದೆ, ಕಾರ್ಖಾನೆಯ ಕ್ಯಾಂಟೀನಿನ ಪಲ್ಯದಲ್ಲಿ ತಿಂದೆ, ಮದುವೆಯಾದ ಮೇಲಂತೂ ಒಂದು ಎತ್ತಿನ ಗಾಡಿಯಷ್ಟು ತಿಂದಿರಬೇಕು. ಹಿಂದಿನ ದಿನ ಗೌಸ್ ಭಾಯಿಯ ಕೋಣೆಯಲ್ಲಿ, ನಮ್ಮ ಲಾಂಛನ ಏನಿರಬಹುದು ಎಂದು ಯೋಚಿಸುತ್ತ, ಆ ಲಾಂಛನವನ್ನೇ ಚಹಾದಲ್ಲಿ ಅದ್ದಿ ನಾಲ್ಕು ಸಲ ನುಂಗಿದ್ದೆ. ಅವ್ವನ ಅಡುಗೆಯಲ್ಲಿ ಜೀರಿಗೆ ಇರಲಿಲ್ಲವೇ? ಇರಲಿಲ್ಲ ಎಂದು ಈಗ ನೆನಪಾಗುತ್ತದೆ. ಇದ್ದದ್ದನ್ನು ಮಕ್ಕಳು ಗಮನಿಸುತ್ತಾರೆ, ಇಲ್ಲದ್ದನ್ನು ಗಮನಿಸುವುದಿಲ್ಲ.

"ಅವ್ವ ನನಗ್ಯಾಕ ಹೇಳಲಿಲ್ಲ ಅತ್ತಿ?" ಎಂದೆ.

ಅತ್ತೆ ಹೇಳಿದಳು. "ಹೇಳಬ್ಯಾಡಂತ ನನಗ ಆಣಿ ಹಾಕಿದ್ಲೋ. ನಿನ್ನ ಲಗ್ನದಾಗ ಇಬ್ಬರ ಕೈಯಾನ ಜೀರಿಗಿ ಕಸಗೊಂಡ್ಲು ನೋಡು, ಅವತ್ತಽ ಹೇಳೂದಿತ್ತು. ಮಂದಿ ಮುಂದ ಬ್ಯಾಡ, ಆಮ್ಯಾಗ ಹೇಳ್ತೀನಿ ಅಂದ್ಲು. ಆಮ್ಯಾಗ ಬೆಂಗಳೂರಿಗಿ ಬಂದು ಹೋದಾಕಿ ನನ್ನ ಮುಂದ ಕುಂತಳು. 'ಸೊಸಿ ಸಾರು ಮಾಡ್ಯಾಳ ನೀಲಾ, ಜೀರಿಗಿ ಹಾಕ್ಯಾಳ. ಇಂವ ಎರಡು ಸಲ ನೀಡಿಸ್ಕೊಂಡು ಉಂಡಾನ. ಈಗ ಹೇಳಿದ್ನೆಂದ್ರ ನಾಳಿಂದ ಇಬ್ಬರಿಗೂ ದೋಷ. ಗೊತ್ತಿಲ್ದ ಉಂಡ್ರ ದೋಷಿಲ್ಲ. ಆ ಹುಡುಗಿ ಹಾಕಿದ ಕೈ ಹಿಂದಕ್ಕ ತಗೀಬಾರದು. ನಾ ಒಬ್ಬಾಕಿ ಬಿಟ್ರ ಮುಗೀತು' ಅಂದ್ಲು." ಇಷ್ಟು ಹೇಳಿದ ಮೇಲೆ ಅತ್ತೆಗೆ ಒಮ್ಮೆಲೇ ಎಚ್ಚರವಾಯಿತು. "ಅಯ್ಯ ನನ್ನ ಬಾಯಿಗಿಷ್ಟು! ನಾನಽ ಹೇಳಿಬಿಟ್ನೆಲ್ಲೋ!"

ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಇಪ್ಪತ್ತೆರಡು ವರ್ಷ ಅವ್ವ ನಮ್ಮ ಮನೆಗೆ ಬಂದಿದ್ದಳು, ಪ್ರತಿ ಸಲವೂ ಖಾರ ಒಗ್ಗಂಗಿಲ್ಲ ಎಂದು ಸುಳ್ಳು ಹೇಳಿದ್ದಳು, ನಾನು ಅವಳ ಎದುರಿಗೇ ಕೂತು ಸೊರ ಸೊರ ಸಾರು ಕುಡಿದಿದ್ದೆ. ಒಂದು ಸಲವೂ ಅನುಮಾನ ಬರಲಿಲ್ಲ. ಸ್ಟೋರ್ಸಿನಲ್ಲಿ ಒಂದು ವಾಷರು ಕಡಿಮೆಯಾದರೆ ಕಂಡುಹಿಡಿಯುವವನಂತೆ ನಾನು!

ಮಂಗಳಾಳಿಗೆ ಹೇಳಿದೆ. ಅವಳು ಕೇಳಿದವಳೇ ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು, ಜೀರಿಗೆಯ ಬಟ್ಟಲನ್ನೇ ನೋಡುತ್ತ ನಿಂತಿದ್ದಳು. "ಒಂದು ಮಾತು ಹೇಳಿದ್ದಿದ್ರೆ ನಾನೇನು ಬೇಡ ಅಂತಿದ್ನಾ ರೀ? ಒಂದು ಚಮಚ ಜೀರಿಗೆ. ಅಷ್ಟಕ್ಕೆ ಇಷ್ಟು ವರ್ಷ ನಾನು ಅವರನ್ನ..." ಎಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಆ ಕಡೆಯೂ ಈ ಕಡೆಯೂ ತಲೆಯಾಡಿಸಲಿಲ್ಲ. ಅವಳ ಪಕ್ಕ ನಿಂತೆ. ಆ ಬಟ್ಟಲನ್ನು ಅವಳು ಡಬ್ಬಿಯಿಂದ ಎತ್ತಿ ಮೇಲಿನ ಅಟ್ಟಕ್ಕೆ ಇಟ್ಟಳು.

ಇಲ್ಲಿಂದ ಮುಂದೆ ನನ್ನ ಗೊಂದಲಕ್ಕೆ ಲಂಗುಲಗಾಮಿಲ್ಲ. ಮೊದಲು ಲಾಂಛನ ಇಲ್ಲದ ಚಿಂತೆ, ಈಗ ಸಿಕ್ಕಿದ ಲಾಂಛನ ಎಲ್ಲೆಲ್ಲೂ ಇರುವ ಚಿಂತೆ. ದರ್ಶಿನಿಯಲ್ಲಿ ಪೊಂಗಲ್ ಮುಂದೆ ನಿಂತು ಒಳಗೇನಿದೆ ಎಂದು ಕೆದಕಿ ನೋಡುತ್ತೇನೆ. ಮಸಾಲೆ ಮಜ್ಜಿಗೆ ಕೊಟ್ಟರೆ ಮೂಸುತ್ತೇನೆ. ನಾನು ಇವನ್ನೆಲ್ಲ ನಂಬುವವನೇ? ಗೊತ್ತಿಲ್ಲ. ನಂಬುವುದಿಲ್ಲವಾದರೆ ಒಂದೊಂದು ಕಾಳನ್ನೂ ಯಾಕೆ ಆರಿಸಿ ಬದಿಗಿಡುತ್ತೇನೆ? ಅದೂ ಗೊತ್ತಿಲ್ಲ. ನಲವತ್ತೈದು ವರ್ಷ ತಿಂದದ್ದಕ್ಕೆ ದೋಷವಿಲ್ಲ, ಇನ್ನು ಒಂದು ಕಾಳು ತಿಂದರೆ ದೋಷ ಎನ್ನುವ ಕಾನೂನು ಯಾವ ನ್ಯಾಯಾಲಯದ್ದೋ!

ಆದರೆ ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಬಿಳಿಯರು ಗುರಾಣಿಯ ಮೇಲೆ ಇಟ್ಟುಕೊಂಡದ್ದು ಅವರನ್ನು ತಿನ್ನಬಲ್ಲ ಪ್ರಾಣಿಗಳನ್ನು: ಸಿಂಹ, ಕರಡಿ, ಹದ್ದು. ನಮ್ಮ ಹಿರಿಯರು ಆರಿಸಿಕೊಂಡದ್ದು ತಾವು ತಿನ್ನಬಲ್ಲದ್ದನ್ನು: ಉಪ್ಪು, ಅರಿಸಿನ, ಜೀರಿಗೆ. ಆರಿಸಿಕೊಂಡು, ಮುಟ್ಟದೆ ಬಿಟ್ಟರು. ಅವರ ಲಾಂಛನ ಎದುರಿನವನನ್ನು ಹೆದರಿಸುವುದಕ್ಕೆ. ನಮ್ಮದು ತಟ್ಟೆಯ ಮುಂದೆ ಕೂತಾಗ ನಮ್ಮ ಕೈಯನ್ನು ಒಂದು ಗಳಿಗೆ ತಡೆಯುವುದಕ್ಕೆ. ಇಷ್ಟು ದೊಡ್ಡ ವಿಚಾರ ನನಗೆ ಹೊಳೆದದ್ದು ಜೀರಿಗೆ ಇಲ್ಲದ ಸಾರು ಉಣ್ಣುತ್ತಿದ್ದಾಗ. ಅಟ್ಟ ಸೇರಿದ ಬಟ್ಟಲು ಕೆಳಗೆ ಬರಲೇ ಇಲ್ಲ, ಮದುವೆಯವರೆಗೂ ಮಂಗಳಾ ಹಾಗೇ ಸಾರು ಮಾಡಿದಳು. ಚೆನ್ನಾಗಿದೆ ಎಂದು ನಾನು ದಿನಾ ಹೇಳಿದೆ. ದಿನಾ ಹೇಳಿದರೆ ಸುಳ್ಳು ಎಂದು ಹೆಂಡತಿಗೆ ತಿಳಿಯುತ್ತದೆ ಎನ್ನುವಷ್ಟು ಬುದ್ಧಿ ನನಗಿನ್ನೂ ಬಂದಿಲ್ಲ.

ಮತ್ತೆ ಗೌಸ್ ಭಾಯಿಯ ಮೆಟ್ಟಿಲು ಹತ್ತಿದೆ. ಬಿಸ್ಕತ್ತು ಬೇಡ ಎಂದೆ. ಕಾರಣ ಕೇಳಿದರು, ಹೇಳಿದೆ. ಅವರು ನಗಲಿಲ್ಲ. ಸೂಜಿ ಬದಿಗಿಟ್ಟು, ತಟ್ಟೆಯನ್ನು ನನ್ನ ಕಣ್ಣಿಗೆ ಕಾಣದ ಹಾಗೆ ಹಿಂದೆ ಸರಿಸಿ, "ಅಮ್ಮಂದು ದೊಡ್ಡ ಮನಸ್ಸು ಸಾರ್," ಎಂದರು. ಆಮೇಲೆ ಕಸುಬಿನ ಪ್ರಶ್ನೆಗೆ ಬಂದರು. "ಇದು ಕಷ್ಟ ಐತೆ. ದೊಡ್ಡದು ಮಾಡಿದ್ರೆ ಬಾಳೆಕಾಯಿ ಅಂತಾರೆ. ಸ್ವಲ್ಪ ಚಿಕ್ಕದು ಮಾಡಿದ್ರೆ ಭತ್ತ ಅಂತಾರೆ."

"ಜೀರಿಗೆ ಎಷ್ಟಿದೆಯೋ ಅಷ್ಟೇ ಮಾಡಿ," ಎಂದೆ.

"ಅಷ್ಟು ದೊಡ್ಡ ಶೀಲ್ಡ್‌ನಲ್ಲಿ ಅಷ್ಟೇನಾ? ಖಾಲಿ ತರ ಕಾಣುತ್ತೆ ಸಾರ್."

"ಕಾಣಲಿ," ಎಂದೆ. ಹೀಗೆ ಬಿಳಿ ರೇಷ್ಮೆಯ ಮೇಲೆ ಒಂದು ಕಡೆ ಎರಡು ಸಿಂಹ, ಕಿರೀಟ, ಬಳ್ಳಿ, ರಿಬ್ಬನ್ನು. ಇನ್ನೊಂದು ಕಡೆ ಗುರಾಣಿಯ ನಟ್ಟನಡುವೆ ಚಿನ್ನದ ಎಳೆಯ ಒಂದೇ ಒಂದು ಜೀರಿಗೆ. ಆ ಒಂದು ಕಾಳಿನ ಬೆನ್ನ ಮೇಲೆ ಕೂದಲಿನಂಥ ಐದು ಗೆರೆಗಳನ್ನು ಗೌಸ್ ಭಾಯಿ ಭೂತಗನ್ನಡಿ ಹಿಡಿದು ಹೊಲಿದಿದ್ದರು. ಸಹನಾ ಅದನ್ನು ಬಹಳ ಹೊತ್ತು ನೋಡಿ, "ಅಜ್ಜಿ ಸೈಜೇ ಇದೆ ಅಪ್ಪಾ," ಎಂದಳು. ನಮ್ಮವ್ವ ಕುಳ್ಳಗಿದ್ದಳು.

ಮದುವೆಯ ದಿನ ಅಂತರಪಟವನ್ನು ಮಂಟಪಕ್ಕೆ ತಂದಾಗ ಬೀಗರ ಕಡೆಯ ಹಿರಿಯರೊಬ್ಬರು ಬಟ್ಟೆಗೆ ಏನೋ ಅಂಟಿದೆ ಎಂದು ನಮ್ಮ ಲಾಂಛನವನ್ನು ಉಗುರಿನಿಂದ ಕೆರೆಯಲು ಹೋದರು. ಸುಂದರಮೂರ್ತಿಗಳು ಓಡಿಬಂದು ಅವರ ಕೈ ಹಿಡಿದುಕೊಂಡರು. ನನಗೆ ಬೇರೆಯದೇ ದಿಗಿಲು. ತೊಟ್ಟಿಲ ಕಾಲದ ಶಪಥ ಒಂದು ಕಡೆ, ಅಟ್ಟಕ್ಕೇರಿದ ಬಟ್ಟಲು ಇನ್ನೊಂದು ಕಡೆ. ಜೀರಿಗೆ ಬೆಲ್ಲದ ಬಗ್ಗೆ ಏನು ಮಾಡುತ್ತೀಯ ಎಂದು ಹೆಂಡತಿಯನ್ನು ಕೇಳುವ ಧೈರ್ಯ ನನಗೆ ಬಂದಿರಲಿಲ್ಲ, ಅವಳೂ ಹೇಳಿರಲಿಲ್ಲ. ಪುರೋಹಿತರು ಕೈ ಚಾಚಿದಾಗ ಮಂಗಳಾ ಎರಡು ವೀಳ್ಯದೆಲೆ ಕೊಟ್ಟಳು. ಗಂಡಿನ ಕೈಗೆ ಜೀರಿಗೆ ಬೆಲ್ಲ, ಹೆಣ್ಣಿನ ಕೈಗೆ ಅಕ್ಕಿ ಬೆಲ್ಲ.

"ಎರಡೂ ಒಂದೇ ಇರ್ಬೇಕಲ್ಲಮ್ಮಾ," ಎಂದರು ಪುರೋಹಿತರು.

"ಇಲ್ಲ ಸ್ವಾಮಿ. ನಮ್ಮತ್ತೆ ಮನೆ ಪದ್ಧತಿ ಹೀಗೇ," ಎಂದಳು ಮಂಗಳಾ.

ನಮ್ಮತ್ತೆ ಮನೆ ಪದ್ಧತಿ! ಮೂರು ವಾರದ ಹಿಂದೆ ಇರದೇ ಇದ್ದ, ಅವಳೇ ಹುಟ್ಟಿಸಿಕೊಂಡ ಪದ್ಧತಿಯನ್ನು ನೂರು ವರ್ಷದ್ದು ಎನ್ನುವ ಹಾಗೆ ಹೇಳಿದ್ದಳು. ಬಟ್ಟೆ ಇಳಿಯಿತು. ಕಾರ್ತಿಕ್ ಹಾಕಿದ ಜೀರಿಗೆ ಸಹನಾಳ ಮಲ್ಲಿಗೆ ದಂಡೆಯಲ್ಲಿ ಸಿಕ್ಕಿಕೊಂಡಿತು. ನೀಲಮ್ಮತ್ತಿ ಹೇಳಿದ ಪ್ರಕಾರ ಇನ್ನು ಮುಂದೆ ಅವಳಿಗೆ ಜೀರಿಗೆ ನಿಷಿದ್ಧವಲ್ಲ. ನಮ್ಮ ಗುರಾಣಿಯಿಂದ ಇಳಿದು ಬಿಸ್ಕತ್ ಡಬ್ಬಿಯ ಸಿಂಹಗಳ ಕಡೆ ಹೋದಳು. ಸರಿಯಾಗಿ ಯಾವ ಗಳಿಗೆಯಲ್ಲಿ ಹೋದಳು, ಬಟ್ಟೆ ಇಳಿದಾಗಲೋ, ಧಾರೆ ನೀರು ಬಿದ್ದಾಗಲೋ, ಎಂದು ಲೆಕ್ಕ ಹಾಕುತ್ತಿದ್ದೆ. ಕಣ್ಣು ಮಂಜಾಗಿ ಎರಡೂ ಕಾಣಲಿಲ್ಲ.

ಮದುವೆಯ ಗದ್ದಲ ಮುಗಿದು, ನೆಂಟರೆಲ್ಲ ಹೋಗಿ, ಮನೆಯಲ್ಲಿ ನಾವಿಬ್ಬರೇ ಉಳಿದ ಮೊದಲ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತೆ. ಮಂಗಳಾ ಸಾರು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ, ನಿಲ್ಲಿಸಿದೆ. ಇದು ಈ ಒಂದು ತಿಂಗಳ ಸಾರಲ್ಲ. ಇದು ಬೈಯಪ್ಪನಹಳ್ಳಿಯ ಸಾರು, ನಾಲ್ಕು ಮನೆಯವರು ಬಟ್ಟಲು ಹಿಡಿದು ಬರುತ್ತಿದ್ದ ಸಾರು. ಸೌಟಿನಲ್ಲಿ ಕಲಕಿ ನೋಡಿದೆ, ಏನೂ ತೇಲುತ್ತಿರಲಿಲ್ಲ. ನುಣ್ಣಗೆ ಅರೆದು ಹಾಕಿದ್ದರೆ ತೇಲುವುದಾದರೂ ಏನು?

"ಇದಕ್ಕೆ ಜೀರಿಗೆ ಹಾಕಿದೀಯಾ?" ಎಂದೆ.

"ನಿಮಗ್ಯಾಕೆ ಅದೆಲ್ಲ? ಸುಮ್ನೆ ಊಟ ಮಾಡಿ," ಎಂದಳು.

ಹೇಳಿ ತನ್ನ ತಟ್ಟೆ ಎಳೆದುಕೊಂಡಳು. ಅನ್ನ ಹಾಕಿಕೊಂಡಳು, ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿ, ಅನ್ನಕ್ಕೆ ಮೊಸರು ಸುರಿದುಕೊಂಡಳು. ಪಕ್ಕದಲ್ಲಿ ಕೆಂಪಗೆ ಕುಣಿಯುವಂಥ ಮಾವಿನ ಉಪ್ಪಿನಕಾಯಿ.

"ಯಾಕೆ, ನಿನಗೆ ಸಾರು ಬೇಡವಾ?"

"ನಂಗ್ಯಾಕೋ ಇವತ್ತು ಖಾರ ಒಗ್ಗಲ್ಲ ರೀ," ಎಂದಳು ಮಂಗಳಾ, ತಲೆ ಎತ್ತದೆ.

ಇಷ್ಟಾದ ಮೇಲೆ ಎಂಥ ಪೆದ್ದನಿಗೂ ಎಲ್ಲ ಗೊತ್ತಾಗಿಬಿಡಬೇಕು. ನಾನು ಗೊತ್ತಾಗದವನ ಹಾಗೆ ತಟ್ಟೆ ಮುಂದೆ ಹಿಡಿದು ಇನ್ನೊಂದು ಸೌಟು ಹಾಕಿಸಿಕೊಂಡೆ.